ಕೆಲಸ ಹೋಗಿದೆ, ಅರ್ಜಿ ಹಾಕಿದ್ದೇನೆ, ಹಣ ಬಂದಿಲ್ಲ: ಕೊಡಗಿನವರು ಇಲ್ಲಿ ಬರೆಯಿರಿ

(ಇಲ್ಲಿ ಹೇಳಿರುವ ನಿಯಮ, ಮೊತ್ತ, ದರಗಳೆಲ್ಲ 2025ರ ಆಗಸ್ಟ್ ತಿಂಗಳಿನವು.)

ಸುಂಟಿಕೊಪ್ಪದವನು (3 ಆಗಸ್ಟ್ 2025)

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ನಾಲ್ಕು ವರ್ಷ ದುಡಿದಿದ್ದೇನೆ. ಮೇ ತಿಂಗಳ ಕೊನೆಯಲ್ಲಿ ಮ್ಯಾನೇಜರ್ ನಮ್ಮನ್ನೆಲ್ಲ ಕರೆದು, ಮಳೆಗಾಲದಲ್ಲಿ ಕಟ್ಟಡದ ದುರಸ್ತಿ ಇದೆ, ಬೇಕಾದಾಗ ಹೇಳಿ ಕಳುಹಿಸುತ್ತೇವೆ ಎಂದರು. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ. ಸಂಬಳ 18,000 ರೂಪಾಯಿ ಇತ್ತು, ಅದರಲ್ಲಿ ಪ್ರತಿ ತಿಂಗಳು ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಎಂದು 135 ರೂಪಾಯಿ ಹಿಡಿಯುತ್ತಿದ್ದರು, ಪಿ.ಎಫ್. (ಭವಿಷ್ಯ ನಿಧಿ) ಬೇರೆ.

ಇ.ಎಸ್.ಐ.ನಲ್ಲಿ ಕೆಲಸ ಕಳೆದುಕೊಂಡವರಿಗೆ ಮೂರು ತಿಂಗಳು ಹಣ ಕೊಡುವ ಯೋಜನೆ ಇದೆ ಎಂದು ಸ್ನೇಹಿತರೊಬ್ಬರು ಹೇಳಿದ ಮೇಲೆ ಜುಲೈ ಆರಂಭದಲ್ಲಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆ. ತಿಂಗಳಾಯಿತು. ಜಾಲತಾಣದಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬುದಕ್ಕಿಂತ ಬೇರೆ ಮಾತಿಲ್ಲ. ಮನೆಯಲ್ಲಿ ಅಮ್ಮ ಮತ್ತು ತಂಗಿ ಇದ್ದಾರೆ. ತಂಗಿ ಪದವಿ ಮುಗಿಸಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಅರ್ಜಿ ಹಾಕಿದ್ದಾಳೆ, ಅದೂ ಬಂದಿಲ್ಲ. ಬಾಡಿಗೆ ಕೊಡುವ ದಿನ ಬಂದರೆ ಎದೆ ಧಸಕ್ಕೆನ್ನುತ್ತದೆ. ಅರ್ಜಿ ಎಲ್ಲಿ ನಿಂತಿದೆ ಎಂದು ತಿಳಿಯುವ ದಾರಿ ಗೊತ್ತಿರುವವರು ದಯವಿಟ್ಟು ಹೇಳಿ.

ಗೋಣಿಕೊಪ್ಪದ ಲೆಕ್ಕ ಬರೆಯುವವಳು (3 ಆಗಸ್ಟ್)

ತಮ್ಮಾ, ನಾನು ಹಲವು ವರ್ಷ ಒಂದು ಸಂಸ್ಥೆಯ ಸಂಬಳದ ಲೆಕ್ಕ, ಪಿ.ಎಫ್., ಇ.ಎಸ್.ಐ. ನೋಡಿಕೊಂಡವಳು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಈ ಯೋಜನೆಯ ಹೆಸರೇ ನಮ್ಮ ಜಿಲ್ಲೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿದ್ದವರೂ ಅರ್ಧಂಬರ್ಧ ತಿಳಿದು ಕೈಬಿಡುತ್ತಾರೆ.

ನೀನು ಅರ್ಜಿ ಹಾಕಿರುವುದು ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆಗೆ. 2018ರ ಜುಲೈ 1ರಂದು ಶುರುವಾಯಿತು. ಆಗ ಸರಾಸರಿ ದಿನಗೂಲಿಯ ಶೇ. 25 ಮಾತ್ರ ಕೊಡುತ್ತಿದ್ದರು, ಕೊರೊನಾ ಕಾಲದಲ್ಲಿ ಅದನ್ನು ಶೇ. 50ಕ್ಕೆ ಏರಿಸಿದರು. ಜೀವಮಾನದಲ್ಲಿ ಒಟ್ಟು 90 ದಿನದ ಮಟ್ಟಿಗೆ ಸಿಗುತ್ತದೆ. ನಿನ್ನ ಸರಾಸರಿ ದಿನಕ್ಕೆ 600 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 300, ಪೂರ್ತಿ 90 ದಿನಕ್ಕೆ 27,000 ರೂಪಾಯಿ. ನಿನ್ನಂಥ ಮನೆಗೆ ಇದು ಸಣ್ಣ ಮೊತ್ತವಲ್ಲ, ಬಿಡಬೇಡ.

ಅರ್ಹತೆಗೆ ಕನಿಷ್ಠ ಎರಡು ವರ್ಷ ಇ.ಎಸ್.ಐ. ವ್ಯಾಪ್ತಿಯ ಕೆಲಸದಲ್ಲಿ ಇದ್ದಿರಬೇಕು. ಇ.ಎಸ್.ಐ.ನಲ್ಲಿ ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ಅವಧಿಗಳಾಗಿ ಒಡೆದಿದ್ದಾರೆ. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನಕ್ಕೆ ಕಡಿಮೆಯಿಲ್ಲದಂತೆ ವಂತಿಗೆ ಕಟ್ಟಿರಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು 78 ದಿನ ಇರಬೇಕು. ನಾಲ್ಕು ವರ್ಷ ಬಿಡದೆ ದುಡಿದ ನಿನಗೆ ಇದು ತೊಡಕಾಗಲಾರದು. ಸಂಸ್ಥೆ ನಿನ್ನಿಂದ ಹಿಡಿದ ಹಣವನ್ನು ನಿಜವಾಗಿ ಕಟ್ಟಿದೆಯೇ ಎಂಬುದನ್ನು ಮಾತ್ರ ನಿನ್ನ ವಿಮಾ ಸಂಖ್ಯೆ ಹಾಕಿ ಜಾಲತಾಣದಲ್ಲಿ ತಿಂಗಳು ತಿಂಗಳಾಗಿ ನೋಡಿಕೋ.

ಈಗ ತಡದ ವಿಷಯ. ನನಗೆ ಅನುಮಾನವಿರುವುದು ಒಂದೇ ಜಾಗದ ಮೇಲೆ. ಸಂಸ್ಥೆಯವರು ಪ್ರತಿ ತಿಂಗಳು ಇ.ಎಸ್.ಐ.ಗೆ ಲೆಕ್ಕ ಸಲ್ಲಿಸುವಾಗ ಒಬ್ಬ ನೌಕರನ ಹೆಸರಿನ ಮುಂದೆ ‘ಕೆಲಸದ ದಿನ ಸೊನ್ನೆ’ ಎಂದು ಹಾಕಿದರೆ ಪಕ್ಕದ ಅಂಕಣದಲ್ಲಿ ಕಾರಣದ ಸಂಖ್ಯೆ ತುಂಬಬೇಕು. 1 ಎಂದರೆ ರಜೆಯಲ್ಲಿದ್ದಾರೆ. 2 ಎಂದರೆ ಕೆಲಸ ಬಿಟ್ಟಿದ್ದಾರೆ. 10 ಎಂದರೆ ಕೆಲಸದಿಂದ ಕಡಿತ. 11 ಎಂದರೆ ಕೆಲಸವಿಲ್ಲ. ಮತ್ತೆ ಕರೆಯುತ್ತೇವೆ ಎಂದು ಬಾಯಿಮಾತಿನಲ್ಲಿ ಕಳುಹಿಸಿದ ಸಂಸ್ಥೆಯ ಗುಮಾಸ್ತರು ಸಾಮಾನ್ಯವಾಗಿ 1 ಒತ್ತಿ ಮುಂದಕ್ಕೆ ಹೋಗುತ್ತಾರೆ. ಆಮೇಲೆ ಇ.ಎಸ್.ಐ. ಶಾಖೆಯವರು ತೆರೆದು ನೋಡಿದರೆ ನೀನು ನಿರುದ್ಯೋಗಿಯೇ ಅಲ್ಲ, ರಜೆಯಲ್ಲಿರುವ ನೌಕರ! ಅರ್ಜಿ ಅಲ್ಲಿಯೇ ಕೂರುತ್ತದೆ.

ನಾಳೆಯೇ ಎರಡು ಕೆಲಸ ಮಾಡು. ನಿನ್ನ ವಿಮಾ ಸಂಖ್ಯೆ ಯಾವ ಶಾಖಾ ಕಚೇರಿಗೆ ಸೇರಿದೆ ಎಂದು ಜಾಲತಾಣದಲ್ಲೇ ಇರುತ್ತದೆ. ಅರ್ಜಿಯ ಮುದ್ರಿತ ಪ್ರತಿ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ನಕಲು ಹಿಡಿದು ಆ ಶಾಖೆಗೆ ಹೋಗಿ, ಮೇ ನಂತರದ ತಿಂಗಳುಗಳಿಗೆ ನನ್ನ ಹೆಸರಿನ ಮುಂದೆ ಯಾವ ಕಾರಣ ದಾಖಲಾಗಿದೆ ಎಂದು ಕೇಳು. ಬಾಯಲ್ಲಿ ಕೇಳಬೇಡ, ಬಿಳಿ ಹಾಳೆಯಲ್ಲಿ ಬರೆದುಕೊಟ್ಟು ನಿನ್ನ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೋ. ಎರಡನೆಯದು, ಅದೇ ಪ್ರಶ್ನೆಯನ್ನು ರೆಸಾರ್ಟಿನವರಿಗೆ ಇಮೇಲ್‌ನಲ್ಲಿ ಕಳುಹಿಸು.

ವಿರಾಜಪೇಟೆ ಓದುಗ (3 ಆಗಸ್ಟ್)

ನನ್ನ ಮಾತು ಕಟುವೆನಿಸಿದರೆ ಕ್ಷಮಿಸಿ. ತೋಟಗಳಲ್ಲಿ ಕೆಲಸಕ್ಕೆ ಜನ ಸಿಗುತ್ತಿಲ್ಲ. ಅಸ್ಸಾಮಿನಿಂದ ಕಾರ್ಮಿಕರನ್ನು ಕರೆತರಬೇಕಾಗಿದೆ. ಆರೋಗ್ಯವಂತ ಯುವಕರು ಭತ್ಯೆಗಾಗಿ ಕಚೇರಿ ಸುತ್ತುವ ಬದಲು ಸಿಕ್ಕಿದ ಕೆಲಸ ಮಾಡಬಹುದಲ್ಲವೇ?

ಗೋಣಿಕೊಪ್ಪದ ಲೆಕ್ಕ ಬರೆಯುವವಳು (4 ಆಗಸ್ಟ್)

ವಿರಾಜಪೇಟೆಯವರೇ, ಈ ಹುಡುಗ ಕೇಳುತ್ತಿರುವುದು ದಾನವಲ್ಲ, ವಿಮೆ. ಅವನ ಸಂಬಳದ ಶೇ. 0.75 ಅವನೂ ಶೇ. 3.25 ಸಂಸ್ಥೆಯೂ ತಿಂಗಳು ತಪ್ಪದೆ ಕಟ್ಟಿರುವ ಹಣ. ಕಾರಿಗೆ ವಿಮೆ ಕಟ್ಟಿದವರು ಅಪಘಾತವಾದಾಗ ಪರಿಹಾರ ಕೇಳಿದರೆ ಯಾರೂ ಸೋಮಾರಿ ಎನ್ನುವುದಿಲ್ಲ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ತೋಟದಲ್ಲಿ ವಾರಕ್ಕೆ ಎಷ್ಟು ದಿನ ಕೆಲಸ ನಡೆಯುತ್ತದೆ ಎಂದು ತಮಗೂ ತಿಳಿದಿದೆ.

ಸಿದ್ದಾಪುರ ಲೈನ್‌ಮನೆ (4 ಆಗಸ್ಟ್)

ವಿರಾಜಪೇಟೆ ಸರ್‌ಗೆ ನಾನೂ ಒಂದು ಮಾತು ಹೇಳಬೇಕು. ನಾವು ತೋಟದ ಲೈನ್‌ಮನೆಯಲ್ಲೇ (ಕಾರ್ಮಿಕರ ಸಾಲುಮನೆ) ಹುಟ್ಟಿ ತೋಟದಲ್ಲೇ ಬೆಳೆದವರು. ಮಳೆ ಜೋರಾದ ದಿನ ತೋಟದ ಗುಮಾಸ್ತ ರೈಟರ್ ಬಂದು ‘ಇವತ್ತು ಇಲ್ಲ’ ಎಂದು ಹೇಳಿ ಹೋಗುತ್ತಾರೆ, ಹಾಜರಿ ಪುಸ್ತಕದಲ್ಲಿ ಆ ದಿನ ಖಾಲಿ. ಖಾಯಂ ಪಟ್ಟಿಯಲ್ಲಿ ಇಲ್ಲದವರಿಗೆ ಪಿ.ಎಫ್. ಇಲ್ಲ, ಇ.ಎಸ್.ಐ. ಮಾತೇ ಇಲ್ಲ. ಕೊಯ್ಲಿನ ಕಾಲದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬೇಕಾದ ನಾವು ಜುಲೈನಲ್ಲಿ ಯಾರಿಗೂ ಬೇಡ. ಮೇಲೆ ಹೇಳಿದ ಯೋಜನೆಗಳಲ್ಲಿ ನಮ್ಮಂಥವರಿಗೆ ಏನಾದರೂ ಇದೆಯೇ?

ಸೋಮವಾರಪೇಟೆ ಗ್ರಾಮಸಭೆ (4 ಆಗಸ್ಟ್)

ಇದೆ ಅಕ್ಕ, ಅದನ್ನು ಕೇಳುವವರೇ ಕಡಿಮೆ. ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ನಿರುದ್ಯೋಗ ಭತ್ಯೆ ಇದೆ. ಜಾಬ್ ಕಾರ್ಡ್ ಇರುವವರು ಪಂಚಾಯಿತಿಗೆ ನಮೂನೆ 6ರಲ್ಲಿ ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ಅಲ್ಲಿಂದ ಮುಂದಕ್ಕೆ ಭತ್ಯೆ ಕೊಡಬೇಕು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. 2025-26ಕ್ಕೆ ಕರ್ನಾಟಕದ ಕೂಲಿ 370 ರೂಪಾಯಿ. ಕಾಲು ಭಾಗ ಎಂದರೆ ದಿನಕ್ಕೆ 92 ರೂಪಾಯಿ 50 ಪೈಸೆ. ಇದನ್ನು ಕೊಡುವ ಹೊಣೆ ರಾಜ್ಯ ಸರ್ಕಾರದ್ದು.

ಎಲ್ಲವೂ ನಿಂತಿರುವುದು ಒಂದು ಚೀಟಿಯ ಮೇಲೆ. ನಮೂನೆ 6 ಕೊಟ್ಟಾಗ ದಿನಾಂಕ ಹಾಕಿದ ಸ್ವೀಕೃತಿ ಕೊಡಲೇಬೇಕು ಎಂಬುದು ಕಾಯ್ದೆಯ ಮಾತು. ಆದರೆ ಹೆಚ್ಚಿನ ಕಡೆ ಏನಾಗುತ್ತದೆ? ಮಳೆ ನಿಲ್ಲಲಿ ಎಂದು ಬಾಯಲ್ಲಿ ಹೇಳಿ ಕಳುಹಿಸುತ್ತಾರೆ. ಇಲ್ಲವೇ ಅರ್ಜಿಯನ್ನು ಇಟ್ಟುಕೊಂಡು, ಕೆಲಸ ಸಿದ್ಧವಾದ ದಿನವೇ ಬೇಡಿಕೆ ಬಂದಿತೆಂದು ಕಂಪ್ಯೂಟರಿಗೆ ಏರಿಸುತ್ತಾರೆ. ಆಗ ಲೆಕ್ಕದಲ್ಲಿ ಒಂದು ದಿನವೂ ತಡವಾಗಿಲ್ಲ, ಭತ್ಯೆಯ ಪ್ರಶ್ನೆಯೇ ಏಳುವುದಿಲ್ಲ. ಬಡವರ ಹಕ್ಕನ್ನು ಹೀಗೆ ದಿನಾಂಕದಲ್ಲಿ ಮುಚ್ಚಿ ಹಾಕುವುದನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಒಬ್ಬೊಬ್ಬರೇ ಹೋಗಬೇಡಿ. ಲೈನ್‌ಮನೆಯ ಐದಾರು ಹೆಂಗಸರು ಒಟ್ಟಾಗಿ ಹೋಗಿ, ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸಹಿ ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ. ನಿಮ್ಮ ಪಂಚಾಯಿತಿಯಲ್ಲಿ ಗ್ರಾಮ ಕಾಯಕ ಮಿತ್ರ (ಉದ್ಯೋಗ ಖಾತ್ರಿ ಕೆಲಸಕ್ಕೆ ನೆರವಾಗುವವರು) ಇದ್ದರೆ ಅವರನ್ನು ಜೊತೆಗೆ ಕರೆದುಕೊಳ್ಳಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಪ್ಪದಿದ್ದರೆ ಅದೇ ಅರ್ಜಿಯನ್ನು ತಾಲ್ಲೂಕು ಪಂಚಾಯಿತಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಅಂಚೆ ಕಚೇರಿಯ ರಸೀದಿಯಲ್ಲಿ ದಿನಾಂಕ ಇರುತ್ತದೆ.

ಸಿದ್ದಾಪುರ ಲೈನ್‌ಮನೆ (4 ಆಗಸ್ಟ್)

ಜಾಬ್ ಕಾರ್ಡೇ ಇಲ್ಲದವರು ನಮ್ಮಲ್ಲಿ ಬಹಳ. ಲೈನ್‌ಮನೆಗೆ ಮನೆ ಸಂಖ್ಯೆ ಇಲ್ಲ, ವಿಳಾಸ ಕೇಳುತ್ತಾರೆ. ಪಕ್ಕದ ಆದಿವಾಸಿ ಹಾಡಿಯ ಯರವ ಕುಟುಂಬಗಳದ್ದೂ ಇದೇ ಕಷ್ಟ.

ಸೋಮವಾರಪೇಟೆ ಗ್ರಾಮಸಭೆ (5 ಆಗಸ್ಟ್)

ಜಾಬ್ ಕಾರ್ಡಿಗೆ ಸ್ವಂತ ಮನೆ ಬೇಕಿಲ್ಲ. ಆ ಪಂಚಾಯಿತಿಯಲ್ಲಿ ವಾಸವಿರುವ ವಯಸ್ಕರು ಯಾರು ಬೇಕಾದರೂ ಕೇಳಬಹುದು, ಅರ್ಜಿ ಕೊಟ್ಟ 15 ದಿನದಲ್ಲಿ ಕಾರ್ಡ್ ಕೊಡಬೇಕು. ಪಡಿತರ ಚೀಟಿಯಲ್ಲೋ ಮತದಾರರ ಚೀಟಿಯಲ್ಲೋ ಅದೇ ಊರಿನ ಹೆಸರಿದ್ದರೆ ಅದನ್ನೇ ತೋರಿಸಿ. ಒಂದು ಎಚ್ಚರ: 2024ರ ಜನವರಿಯಿಂದ ಕೂಲಿ ಪಾವತಿಯೆಲ್ಲ ಆಧಾರ್ ಮೂಲಕವೇ. ಕಾರ್ಡಿನ ಹೆಸರು ಮತ್ತು ಆಧಾರ್ ಹೆಸರು ಹೊಂದಿಕೆಯಾಗದಿದ್ದರೆ ಮಾಡಿದ ಕೆಲಸದ ಹಣವೂ ನಿಲ್ಲುತ್ತದೆ. ಮೊದಲ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ.

ಶನಿವಾರಸಂತೆ ಪದವೀಧರೆ (5 ಆಗಸ್ಟ್)

ಮೊದಲು ಬರೆದವರ ತಂಗಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು 2022-23ರಲ್ಲಿ ಬಿ.ಕಾಂ. ಮುಗಿಸಿದವಳು, ಯುವನಿಧಿ ಈಗ ಬರುತ್ತಿದೆ, ಆದರೆ ನಡುವೆ ಬಹಳ ಅಲೆದಿದ್ದೇನೆ.

ಪದವಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ, ಅದಕ್ಕೂ ಮುಂಚೆ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ. ಫಲಿತಾಂಶ ಬಂದು 180 ದಿನ ಕಳೆದರೂ ಕೆಲಸವಿಲ್ಲದಿದ್ದರೆ ಮಾತ್ರ ಅರ್ಹತೆ. ಎಂ.ಎ., ಬಿ.ಇಡಿ. ಎಂದು ಓದು ಮುಂದುವರಿಸಿದವರಿಗೆ ಇಲ್ಲ. ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ.

ತಂಗಿಯ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಲು ಮೂರು ಜಾಗಗಳಿವೆ. ಮೊದಲು ಅಂಕಪಟ್ಟಿ. ವಿಶ್ವವಿದ್ಯಾಲಯ ಅದನ್ನು ಅಂಕಪಟ್ಟಿಗಳನ್ನು ಆನ್‌ಲೈನ್‌ನಲ್ಲಿ ಇಡುವ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರಿಸಿದ್ದರೆ ಮಾತ್ರ ಪರಿಶೀಲನೆ ಮುಂದೆ ಸಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕೊಡಗು ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಅದಕ್ಕೂ ಮೊದಲು ಸೇರಿದ ನಮ್ಮಂಥವರ ಅಂಕಪಟ್ಟಿ ಮಂಗಳೂರು ವಿಶ್ವವಿದ್ಯಾಲಯದ್ದು. ಡಿಜಿಲಾಕರ್ ತೆರೆದು ಅಂಕಪಟ್ಟಿ ಬರುತ್ತದೆಯೇ ನೋಡಿ. ಬರದಿದ್ದರೆ ಕಾಲೇಜಿನ ಕಚೇರಿಯ ಮೂಲಕ ಪರೀಕ್ಷಾ ವಿಭಾಗಕ್ಕೆ ಪತ್ರ ಹೋಗಬೇಕು.

ಎರಡನೆಯದು ಬ್ಯಾಂಕ್. ನನ್ನ ಹಣ ಬರದೆ ಇದ್ದುದಲ್ಲ, ಬಂದದ್ದು ನನಗೆ ಕಾಣಲಿಲ್ಲ! ವಿದ್ಯಾರ್ಥಿವೇತನಕ್ಕಾಗಿ ಕಾಲೇಜಿನ ದಿನಗಳಲ್ಲಿ ತೆರೆದ ಖಾತೆಗೆ ಅದು ಬೀಳುತ್ತಿತ್ತು. ಅರ್ಜಿಯಲ್ಲಿ ಯಾವ ಖಾತೆ ಬರೆದರೂ ಹಣ ಹೋಗುವುದು ಆಧಾರ್‌ಗೆ ನೇರ ಪಾವತಿಗಾಗಿ ಜೋಡಿಸಿದ ಖಾತೆಗೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎಂದರೆ ಅಷ್ಟಕ್ಕೆ ಎದ್ದು ಬರಬೇಡಿ. ‘ಎನ್‌ಪಿಸಿಐ ಜೋಡಣೆ ಆಗಿದೆಯೇ’ ಎಂದು ಅದೇ ಪದ ಬಳಸಿ ಕೇಳಿ, ನೇರ ಪಾವತಿಗೆ ಖಾತೆ ಜೋಡಿಸುವುದನ್ನು ಹಾಗೆ ಕರೆಯುತ್ತಾರೆ. ಆಧಾರ್ ಜಾಲತಾಣದಲ್ಲೂ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ಕಾಣುತ್ತದೆ.

ಮೂರನೆಯದು ಸ್ವಯಂಘೋಷಣೆ. ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದು ನಾವೇ ಕಾಲಕಾಲಕ್ಕೆ ದೃಢಪಡಿಸಬೇಕು. ಮೊದಲು ಪ್ರತಿ ತಿಂಗಳೂ ಇತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಎಂದಾಯಿತು. ನನ್ನ ಗೆಳತಿಯರಲ್ಲಿ ಹಣ ನಿಂತವರು ಹೆಚ್ಚಾಗಿ ಇಲ್ಲಿಯೇ ತಪ್ಪಿಸಿಕೊಂಡವರು.

ಭಾಗಮಂಡಲ ಮಳೆ (5 ಆಗಸ್ಟ್)

ನಮ್ಮ ಕಡೆ ಇವೆಲ್ಲಕ್ಕೂ ಮೊದಲಿನ ತೊಂದರೆ ಒಟಿಪಿ. ಕರೆಂಟ್ ಹೋದ ಮೇಲೆ ಟವರೂ ಹೋಗುತ್ತದೆ. ಸೇವಾ ಕೇಂದ್ರದಲ್ಲಿ ಸಾಲು ನಿಂತು ನಮ್ಮ ಸರದಿ ಬರುವ ಹೊತ್ತಿಗೆ ಸರ್ವರ್ ಇರುವುದಿಲ್ಲ. ಅಪ್ಪನ ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಈಗ ಬೇರೆ ಯಾರದ್ದೋ. ಗುಡ್ಡದ ಮೇಲಿನವರಿಗೆ ಕಾಗದದ ಅರ್ಜಿಯೂ ಇರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇ?

ಮಡಿಕೇರಿ ಅಂಚೆ (6 ಆಗಸ್ಟ್)

ಮೊಬೈಲ್ ಸಂಖ್ಯೆ ಬದಲಿಸಲು ಹಳೆಯ ಸಂಖ್ಯೆಯ ಒಟಿಪಿ ಬೇಕಿಲ್ಲ, ಬೆರಳಚ್ಚು ಸಾಕು. ಆಧಾರ್ ಕೆಲಸ ನಡೆಯುವ ಅಂಚೆ ಕಚೇರಿಗೆ ಅಪ್ಪನನ್ನೇ ಕರೆದುಕೊಂಡು ಹೋಗಿ. ಬೆಳಗ್ಗೆಯೇ ಹೋಗುವುದು ಒಳ್ಳೆಯದು.

ಕುಶಾಲನಗರ ಕ್ಯೂರಿಂಗ್ (6 ಆಗಸ್ಟ್)

ನಾನು ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಣೆಯ ಒಂದು ಘಟಕದಲ್ಲಿದ್ದೆ. ಈಗ ಕೆಲಸವಿಲ್ಲ. ಪಿ.ಎಫ್. ತೆಗೆಯಲು ಹೋದರೆ ‘ಕೆಲಸ ಬಿಟ್ಟ ದಿನಾಂಕ ಇಲ್ಲ’ ಎಂದು ಬರುತ್ತದೆ. ಸಂಸ್ಥೆಯವರು ಫೋನ್ ಎತ್ತುವುದಿಲ್ಲ. ಪೇಟೆಯಲ್ಲಿ ಒಬ್ಬರು 2,000 ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಡಲೇ?

ಗೋಣಿಕೊಪ್ಪದ ಲೆಕ್ಕ ಬರೆಯುವವಳು (6 ಆಗಸ್ಟ್)

ಒಂದು ರೂಪಾಯಿಯೂ ಕೊಡಬೇಡಿ ಅಣ್ಣ. ಪಾಸ್‌ವರ್ಡ್, ಒಟಿಪಿ ಕೊಡುವುದಂತೂ ಬೇಡವೇ ಬೇಡ. ಕೊನೆಯ ವಂತಿಗೆ ಬಂದು ಎರಡು ತಿಂಗಳು ಕಳೆದಿದ್ದರೆ ಬಿಟ್ಟ ದಿನಾಂಕವನ್ನು ನೀವೇ ಆನ್‌ಲೈನ್‌ನಲ್ಲಿ ನಮೂದಿಸಬಹುದು, ಸಂಸ್ಥೆಯವರ ಹಂಗಿಲ್ಲ. ಒಮ್ಮೆ ಹಾಕಿದ ದಿನಾಂಕವನ್ನು ಬದಲಿಸುವುದು ಕಷ್ಟ, ಸಂಬಳದ ಚೀಟಿ ನೋಡಿಕೊಂಡು ಹಾಕಿ. ಇ.ಎಸ್.ಐ. ಅರ್ಜಿಯಲ್ಲೂ ಅದೇ ದಿನಾಂಕ ಇರಲಿ.

2025ರ ಆಗಸ್ಟ್‌ನ ನಿಯಮದಂತೆ ಕೆಲಸ ಹೋಗಿ ಒಂದು ತಿಂಗಳಾದರೆ ಶೇ. 75, ಎರಡು ತಿಂಗಳಾದರೆ ಪೂರ್ತಿ ತೆಗೆಯಲು ಅವಕಾಶವಿದೆ. ಆದರೆ ನನ್ನ ಮಾತು ಕೇಳುವುದಾದರೆ ಪಿಂಚಣಿಯ ಭಾಗವನ್ನು ಮುಟ್ಟಬೇಡಿ. ಮುಂದೆ ಎಲ್ಲಾದರೂ ಕೆಲಸ ಸಿಕ್ಕೇ ಸಿಗುತ್ತದೆ, ಒಟ್ಟು ಹತ್ತು ವರ್ಷ ತುಂಬಿದರೆ ವಯಸ್ಸಾದ ಮೇಲೆ ತಿಂಗಳ ಪಿಂಚಣಿಗೆ ಹಕ್ಕು ಬರುತ್ತದೆ. ಈಗಿನ ಕಷ್ಟಕ್ಕೆ ಅದನ್ನು ಒಡೆದರೆ ಆ ವರ್ಷಗಳೆಲ್ಲ ಲೆಕ್ಕದಿಂದ ಹೋಗುತ್ತವೆ. ಒಟ್ಟು ಐದು ವರ್ಷ ಸೇವೆ ಆಗಿರದೆ 50,000ಕ್ಕಿಂತ ಹೆಚ್ಚು ತೆಗೆಯುವುದಾದರೆ ತೆರಿಗೆ ಹಿಡಿಯುತ್ತಾರೆ, ಪ್ಯಾನ್ ಜೋಡಿಸಿ. ಪ್ರತಿ ತಿಂಗಳು 27ರಂದು ಪಿ.ಎಫ್.ನವರು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಶಿಬಿರ ನಡೆಸುತ್ತಾರೆ. ಕೊಡಗಿನಲ್ಲಿ ಈ ಸಲ ಎಲ್ಲಿ ಎಂದು ವಿಚಾರಿಸಿ, ಕಾಗದಗಳೊಂದಿಗೆ ಹೋಗಿ. ಅಧಿಕಾರಿಯ ಎದುರು ಕುಳಿತು ಮಾತನಾಡುವ ಅವಕಾಶ ಅದು.

ಪೊನ್ನಂಪೇಟೆ ಅಕ್ಕ (7 ಆಗಸ್ಟ್)

ಎಲ್ಲರೂ ಅರ್ಜಿಯ ಬಗ್ಗೆ ಬರೆದಿದ್ದೀರಿ. ಹಣ ಬರುವವರೆಗಿನ ದಿನಗಳ ಬಗ್ಗೆ ನಾನು ಬರೆಯುತ್ತೇನೆ. 2018ರ ಭೂಕುಸಿತದ ಹೊತ್ತಿಗೆ ನನ್ನ ಯಜಮಾನರ ಕೆಲಸ ಹೋಗಿತ್ತು, ಆ ಕಾಯುವಿಕೆ ಏನೆಂದು ಗೊತ್ತು.

ಮೊಬೈಲ್‌ನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ನಮ್ಮ ಬೀದಿಯ ಹುಡುಗನೊಬ್ಬ ತೆಗೆದುಕೊಂಡು, ಅವನ ಫೋನಿನಲ್ಲಿದ್ದ ಸಂಬಂಧಿಕರಿಗೆಲ್ಲ ಬೈಗುಳ ಹೋಯಿತು. ಚಿನ್ನವಿದ್ದರೆ ಮಾರಬೇಡಿ, ಸಹಕಾರ ಸಂಘದಲ್ಲಿ ಅಡವಿಡಿ. ಸ್ತ್ರೀಶಕ್ತಿ ಸಂಘದಲ್ಲಿ ಅಮ್ಮ ಇದ್ದರೆ ಸಭೆಯಲ್ಲಿ ವಿಷಯ ತಿಳಿಸಿ ಕಂತಿಗೆ ಒಂದೆರಡು ತಿಂಗಳು ಸಮಯ ಕೇಳಿ, ಹೇಳದೆ ತಪ್ಪಿಸಿಕೊಂಡರೆ ಮಾತ್ರ ಜನ ಮುಖ ತಿರುಗಿಸುತ್ತಾರೆ. ಬಾಡಿಗೆಯೂ ಹಾಗೆಯೇ. ದಿನ ತುಂಬುವ ಮೊದಲೇ ಮನೆಯೊಡೆಯರ ಬಳಿ ಹೋಗಿ, ಅರ್ಜಿಯ ಪ್ರತಿ ತೋರಿಸಿ ಮಾತನಾಡು ಮಗನೇ. ಅಮ್ಮನಿಗೆ ಗೃಹಲಕ್ಷ್ಮಿಯ 2,000 ಬರುತ್ತಿದೆಯೇ, ಪಡಿತರ ಚೀಟಿಯಲ್ಲಿ ಎಲ್ಲರ ಹೆಸರಿದೆಯೇ ನೋಡು.

ಇನ್ನೊಂದು. ರಾತ್ರಿ ನಿದ್ದೆ ಬಾರದೆ ಮನಸ್ಸು ಎಲ್ಲೆಲ್ಲಿಗೋ ಹೋದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡ. ಟೆಲಿ ಮನಸ್ ಎಂದು ಸರ್ಕಾರದ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ.

ಸುಂಟಿಕೊಪ್ಪದವನು (13 ಆಗಸ್ಟ್)

ಅಕ್ಕ, ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಶಾಖೆಯ ಸಿಬ್ಬಂದಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಜೂನ್ ತಿಂಗಳ ಸಾಲಿನಲ್ಲಿ ನನ್ನ ಹೆಸರು, ದಿನ 0, ಕಾರಣ 1. ಅದೇ ಅಡುಗೆಮನೆಯ ಉಳಿದವರಿಗೂ ಹಾಗೆಯೇ ಹಾಕಿದ್ದಾರಂತೆ. ಬರೆದುಕೊಟ್ಟ ಪತ್ರಕ್ಕೆ ಮೊಹರು ಹಾಕಿಸಿಕೊಂಡಿದ್ದೇನೆ. ಸಂಸ್ಥೆಯಿಂದ ತಿದ್ದುಪಡಿ ಪತ್ರ ಬಂದರೆ ಮುಂದುವರಿಸುತ್ತೇವೆ ಎಂದರು. ಸಂಸ್ಥೆಯವರು ಇಮೇಲ್‌ಗೆ ಉತ್ತರಿಸಿಲ್ಲ. ತಂಗಿಯ ಎನ್‌ಪಿಸಿಐ ಜೋಡಣೆ ಆಗಿರಲಿಲ್ಲ, ನಿನ್ನೆ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟಳು. ಮನೆಯೊಡೆಯರು ಒಪ್ಪಿದ್ದಾರೆ, ಪೊನ್ನಂಪೇಟೆ ಅಕ್ಕನಿಗೆ ನಮಸ್ಕಾರ.

ಗೋಣಿಕೊಪ್ಪದ ಲೆಕ್ಕ ಬರೆಯುವವಳು (13 ಆಗಸ್ಟ್)

ಒಳ್ಳೆಯದಾಯಿತು ತಮ್ಮಾ, ಈಗ ಕೈಯಲ್ಲಿ ಹಿಡಿಯಲು ಒಂದು ಎಳೆ ಸಿಕ್ಕಿತು. ಸಂಸ್ಥೆಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸು: ಇಂಥ ದಿನದಿಂದ ಕೆಲಸ ಕೊಟ್ಟಿಲ್ಲ, ರಜೆ ಕೇಳಿಲ್ಲ, ದಾಖಲೆ ಸರಿಪಡಿಸಿ. ಉಳಿದವರೂ ಸಹಿ ಹಾಕಲಿ. ಅದರ ಪ್ರತಿಯನ್ನು ಮಡಿಕೇರಿಯ ಕಾರ್ಮಿಕ ಅಧಿಕಾರಿಗೆ ಕೊಡಿ. ವರ್ಷಕ್ಕೆ 240 ದಿನ ದುಡಿದವರನ್ನು ಕಡಿತ ಮಾಡುವಾಗ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕೆಂದು 2025ರ ಆಗಸ್ಟ್‌ನಲ್ಲಿ ಜಾರಿಯಲ್ಲಿರುವ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತದೆ. ‘ರಜೆ’ ಎಂದು ಬರೆದುದರಿಂದ ಅದೂ ತಪ್ಪುತ್ತಿದೆ, ಈ ಅಂಶವನ್ನು ಬಿಡಬೇಡಿ.

ಸಂಸ್ಥೆ ಸುಮ್ಮನಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣದಲ್ಲಿ ದೂರು ಹಾಕು, 21 ದಿನದೊಳಗೆ ಉತ್ತರಿಸಬೇಕೆಂಬ ನಿಯಮವಿದೆ. ಮೊಹರು ಬಿದ್ದ ಪತ್ರದ ಚಿತ್ರವನ್ನು ಅದಕ್ಕೆ ಸೇರಿಸು. ಯೋಜನೆಗೆ ಅರ್ಜಿ ಹಾಕಲು ಕೆಲಸ ಹೋದಂದಿನಿಂದ ಒಂದು ವರ್ಷ ಸಮಯವಿದೆ, ನಿನ್ನ ಜೊತೆಗಾರರಿಗೆ ಇದನ್ನು ತಿಳಿಸು. ಯಾರಾದರೂ ನೋಟರಿ ಪ್ರಮಾಣಪತ್ರ ಬೇಕು ಎಂದರೆ ಹಣ ಖರ್ಚು ಮಾಡಬೇಡಿ, ಆ ಷರತ್ತನ್ನು ತೆಗೆದುಹಾಕಲಾಗಿದೆ.

ಸಿದ್ದಾಪುರ ಲೈನ್‌ಮನೆ (14 ಆಗಸ್ಟ್)

ನಾವು ಏಳು ಜನ ಒಟ್ಟಿಗೆ ಪಂಚಾಯಿತಿಗೆ ಹೋಗಿ ನಮೂನೆ 6 ಕೊಟ್ಟೆವು. ಮೊದಲು ಮಳೆ ನಿಲ್ಲಲಿ ಎಂದರು. ಕದಲದೆ ನಿಂತೆವು. ಕೊನೆಗೆ ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದಾರೆ. ಇದು ನಡೆಯುತ್ತದೆಯೇ?

ಸೋಮವಾರಪೇಟೆ ಗ್ರಾಮಸಭೆ (14 ಆಗಸ್ಟ್)

ನಡೆಯುವುದಿಲ್ಲ ಅಕ್ಕ. 15 ದಿನದ ಲೆಕ್ಕ ಶುರುವಾಗುವುದೇ ಆ ದಿನಾಂಕದಿಂದ. ನಾಳೆ ಸ್ವಾತಂತ್ರ್ಯೋತ್ಸವ, ಕಚೇರಿಯಲ್ಲಿ ಕೆಲಸವಿಲ್ಲ. ಧ್ವಜಾರೋಹಣಕ್ಕೆ ಪಿಡಿಒ, ಅಧ್ಯಕ್ಷರು ಇಬ್ಬರೂ ಬರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಏಳು ಜನವೂ ಚೀಟಿ ಹಿಡಿದು ಎದುರು ಹೋಗಿ ದಿನಾಂಕ ಬರೆಸಿಕೊಳ್ಳಿ. ನಾಳಿನ ದಿನಾಂಕವಲ್ಲ, ನೀವು ಕೊಟ್ಟ ದಿನದ್ದೇ ಬರೆಸಿಕೊಳ್ಳಿ. ಆಗದಿದ್ದರೆ ಇಲ್ಲಿ ತಿಳಿಸಿ, ತಾಲ್ಲೂಕು ಪಂಚಾಯಿತಿಗೆ ಬರೆಯಬೇಕಾದ ಪತ್ರವನ್ನು ನಾನೇ ಬರೆದು ಹಾಕುತ್ತೇನೆ.